ಚೀಲ ಬಿಚ್ಚುವ ಮೊದಲು ಬಾಯಿ ಬಿಚ್ಚಿ: ಚಳಿಗಾಲದ ರಜೆ ಮುಗಿದ ಮೇಲೆ ಸಂಸಾರವನ್ನು ಮತ್ತೆ ಕೂಡಿಸಿಕೊಳ್ಳುವ ಬಗೆ

ನಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಇಬ್ಬರು, ರಜೆಯ ಲೆಕ್ಕವೂ ಎರಡು. ಮಗಳದ್ದು ರಾಜ್ಯ ಪಠ್ಯಕ್ರಮ, ಈಗ ಹತ್ತನೇ ತರಗತಿ. ಅವಳ ದೊಡ್ಡ ರಜೆ ದಸರಾದಲ್ಲೇ ಮುಗಿದಿರುತ್ತದೆ; ಡಿಸೆಂಬರ್‌ನಲ್ಲಿ ಸಿಗುವುದು ಕ್ರಿಸ್‌ಮಸ್‌ನ ಒಂದು ದಿನ, ಉಳಿದದ್ದೆಲ್ಲ ಸ್ಪೆಷಲ್ ಕ್ಲಾಸು. ಮಗ ಸಿಬಿಎಸ್‌ಇ ಶಾಲೆಯಲ್ಲಿ ಆರನೇ ತರಗತಿ. ಅವನಿಗೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೂ ರಜೆ. ಹಾಗಾಗಿ ಪ್ರತಿ ಡಿಸೆಂಬರ್ ಕೊನೆಗೆ ಸಂಸಾರ ಎರಡು ಪಾಲಾಗುತ್ತದೆ. ನಾನು ಮಗನನ್ನು ಕರೆದುಕೊಂಡು ಹೊಸದುರ್ಗದ ಕಡೆ ಇರುವ ತವರಿಗೆ ಹೋಗುತ್ತೇನೆ. ಮಗಳು, ಅವರಪ್ಪ, ನಮ್ಮತ್ತೆ ದಾವಣಗೆರೆಯಲ್ಲೇ ಉಳಿಯುತ್ತಾರೆ.

ಹೋದ ವರ್ಷ ನಾವು ವಾಪಸ್ ಬಂದದ್ದು ಭಾನುವಾರ ರಾತ್ರಿ ಒಂಬತ್ತಕ್ಕೆ. ಬಂದವಳೇ ಚೀಲ ಬಿಚ್ಚಿ ವಾಷಿಂಗ್ ಮಷಿನ್ನಿಗೆ ಬಟ್ಟೆ ಹಾಕಿದೆ, ಫ್ರಿಜ್ ಖಾಲಿ ಮಾಡಿದೆ, ಒಲೆ ಕಟ್ಟೆ ತಿಕ್ಕಿದೆ. ಎರಡು ದಿನದಲ್ಲಿ ಮನೆ ಲಕಲಕ ಅನ್ನುತ್ತಿತ್ತು. ಜನವರಿ ಕೊನೆಯಲ್ಲಿ ಶಾಲೆಯ ಪೋಷಕರ ಸಭೆಗೆ ಹೋದಾಗ ಟೀಚರ್ ಹೇಳಿದರು, ಮಗಳು ಬೋರ್ಡ್ ನೋಡದೆ ಪಕ್ಕದವಳ ನೋಟ್ಸ್ ನೋಡಿ ಬರೆಯುತ್ತಿದ್ದಾಳೆ ಅಂತ. ಕಣ್ಣು ತೋರಿಸಿದರೆ ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ನಾನು ಊರಲ್ಲಿದ್ದ ದಿನಗಳಲ್ಲೇ ಅವಳಿಗೆ ತಲೆನೋವು ಶುರುವಾಗಿತ್ತು. ಅಜ್ಜಿ ದಿನಾ ರಾತ್ರಿ ನೆತ್ತಿಗೆ ಎಣ್ಣೆ ತಟ್ಟಿ ಮಲಗಿಸಿದ್ದರು. "ಯಾಕೆ ಹೇಳಲಿಲ್ಲ?" ಅಂದೆ. "ನೀನು ಬಂದ ದಿನಾನೇ ಹೇಳೋಣ ಅಂತಿದ್ದೆ ಅಮ್ಮಾ, ನೀನು ಬಟ್ಟೆ ಹಾಕ್ತಿದ್ದೆ" ಅಂದಳು.

ಆ ಮಾತು ಇನ್ನೂ ನನ್ನ ಎದೆಯಲ್ಲಿದೆ. ರಜೆಯ ನಂತರ ಹಿಂದೆ ಬಿದ್ದಿರುವುದು ಬಟ್ಟೆ, ಪಾತ್ರೆ, ಬಿಲ್ಲುಗಳಷ್ಟೇ ಅಂದುಕೊಂಡು ನಾವು ಅದರ ಮೇಲೆ ಬೀಳುತ್ತೇವೆ. ಮನೆಯವರ ಹತ್ತು ದಿನದ ಬದುಕು ಕೂಡ ನಮಗೆ ಗೊತ್ತಿಲ್ಲದೆ ಹಿಂದೆ ಉಳಿದಿರುತ್ತದೆ. ಹಾಗಾಗಿ ಈ ವರ್ಷ ಕೆಲಸದ ಕ್ರಮವನ್ನೇ ತಿರುವಿ ಹಾಕಿದೆ: ಮೊದಲು ಮನುಷ್ಯರು, ಆಮೇಲೆ ಮನೆ. ಜನವರಿ ಮೊದಲ ವಾರದಿಂದ ಸಂಕ್ರಾಂತಿವರೆಗೆ ಹೆಚ್ಚುಕಡಿಮೆ ಹನ್ನೆರಡು ದಿನ ಸಿಗುತ್ತದೆ. ಅಷ್ಟು ಸಾಕು. ಒಂದೇ ಭಾನುವಾರದಲ್ಲಿ ಎಲ್ಲ ಮುಗಿಸಲು ಹೋಗಬೇಡಿ.

ವಾಪಸ್ ಹೊರಡುವ ದಿನ

ಶಾಲೆ ಅಥವಾ ಆಫೀಸು ಶುರುವಾಗುವ ಹಿಂದಿನ ರಾತ್ರಿ ಮನೆ ಸೇರುವ ಹಾಗೆ ಹೊರಡಬೇಡಿ. ನಡುವೆ ಒಂದು ಪೂರ್ತಿ ದಿನ ಇರಲಿ. ತವರಿನಲ್ಲಿ "ಇನ್ನೊಂದು ದಿನ ಇರವ್ವಾ" ಅಂದೇ ಅನ್ನುತ್ತಾರೆ, ಕಷ್ಟವೇ. ನಾನು ಅದಕ್ಕೆ ಹೋಗುವಾಗಲೇ ಬರುವ ದಿನ ಹೇಳಿಬಿಡುತ್ತೇನೆ, ಆ ಒಂದು ದಿನವನ್ನು ಮುಂದೆ ಸೇರಿಸಿಕೊಂಡು ಮೊದಲೇ ಹೊರಡುತ್ತೇನೆ. ಈ ಸಲ ಶನಿವಾರ ಬೆಳಿಗ್ಗೆ ಬಸ್ಸು ಹಿಡಿದು ಹೊಳಲ್ಕೆರೆ ಹಾದು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿದೆವು.

ಬರುವಾಗ ಚೀಲ ತುಂಬುವುದರಲ್ಲೂ ಒಂದು ಉಪಾಯವಿದೆ. ಕೊಳೆ ಬಟ್ಟೆಯನ್ನೆಲ್ಲ ಒಂದೇ ಚೀಲಕ್ಕೆ ತುರುಕಿ ಬಾಯಿ ಕಟ್ಟಿಬಿಡಿ. ಅದು ಮೂಲೆಯಲ್ಲಿ ಎರಡು ದಿನ ಕೂತರೂ ಯಾರಿಗೂ ತೊಂದರೆಯಿಲ್ಲ. ತಿನ್ನುವ ಸಾಮಾನು, ಮಾತ್ರೆ, ಶಾಲೆಯ ಪುಸ್ತಕ ಇನ್ನೊಂದು ಚೀಲಕ್ಕೆ. ಮೊದಲ ದಿನ ಬಿಚ್ಚಬೇಕಾದದ್ದು ಈ ಎರಡನೆಯದು ಮಾತ್ರ.

ಮನೆಗೆ ಬೀಗ ಹಾಕಿ ಹೋಗಿದ್ದರೆ

ಎಲ್ಲರೂ ಒಟ್ಟಿಗೆ ಹೋಗಿದ್ದವರಿಗೆ ಮೊದಲ ಅರ್ಧ ಗಂಟೆ ಮನೆಯದ್ದೇ. ಕಿಟಕಿ ಬಾಗಿಲು ತೆಗೆದು ಗಾಳಿಯಾಡಲು ಬಿಡಿ. ಬಚ್ಚಲು, ಪಾಯಿಖಾನೆ, ಸಿಂಕಿನ ತೂತುಗಳಿಗೆ ಒಂದೊಂದು ಚೆಂಬು ನೀರು ಸುರಿಯಿರಿ. ಪೈಪಿನ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು ಚರಂಡಿಯ ವಾಸನೆಯನ್ನು ತಡೆಯುತ್ತಿರುತ್ತದೆ. ಹತ್ತಾರು ದಿನ ಬಳಸದಿದ್ದರೆ ಆ ನೀರು ಆರಿ, ವಾಸನೆಯ ಜೊತೆ ಜಿರಲೆಯೂ ಮೇಲೆ ಬರುತ್ತದೆ. ಮನೆ ನಾರುತ್ತಿದೆ ಅಂತ ಫಿನಾಯಿಲ್ ಹುಡುಕುವ ಮೊದಲು ಇದನ್ನು ಮಾಡಿ ನೋಡಿ.

ಆಮೇಲೆ ಡ್ರಮ್ಮು, ಬಕೆಟ್ಟು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ. ನಲ್ಲಿ ನೀರು ಬಂದಾಗ ತುಂಬಿಟ್ಟುಕೊಳ್ಳುವುದು ನಮ್ಮೂರಿನ ಅಭ್ಯಾಸ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಅಂದರೆ ನಿಮ್ಮ ರಜೆಯಷ್ಟೇ ದಿನ. ನೀರು ಚೆಲ್ಲಿದರೆ ಸಾಲದು, ಒಳಗೋಡೆಗೆ ಮೊಟ್ಟೆ ಅಂಟಿರುತ್ತದೆ. ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಇಷ್ಟಾದ ಮೇಲೆ ಪೊರಕೆ ಕೆಳಗಿಡಿ. ಕಸ ನಾಳೆಗೂ ಇರುತ್ತದೆ.

ಮೊದಲ ಸಂಜೆ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಪಾಲಿಸುವಷ್ಟು ಬಿಡುವಿದ್ದರೆ ಇದನ್ನು ಪಾಲಿಸಿ.

ಅಡುಗೆ ಅನ್ನ, ತಿಳಿಸಾರು, ಹಪ್ಪಳ. ಹೆಚ್ಚಿನದು ಬೇಡ. ಊಟ ಬೇಗ ಮುಗಿಸಿ ಹಾಲಿನಲ್ಲಿ ಹಳೇ ಪೇಪರ್ ಹಾಸಿ, ನಡುವೆ ಅವರೆಕಾಯಿ ಸುರಿಯಿರಿ. ಡಿಸೆಂಬರ್, ಜನವರಿಯಲ್ಲಿ ಅವರೆ ಎಲ್ಲ ಕಡೆ ಸಿಗುತ್ತದೆ. ನಾನು ತವರಿಂದ ಒಂದು ಚೀಲ ಹೊತ್ತು ತರುತ್ತೇನೆ. ಎಲ್ಲರೂ ಸುತ್ತ ಕೂತು ಸುಲಿಯಬೇಕು. ಟಿವಿ ಬಂದ್, ಮೊಬೈಲುಗಳು ಒಳಕೋಣೆಯಲ್ಲಿ. ಕೈಗೆ ಕೆಲಸವಿದ್ದು ಕಣ್ಣು ಕೆಳಗಿದ್ದಾಗ ಮಕ್ಕಳು ಮಾತಾಡುವಷ್ಟು ಎದುರೆದುರು ಕೂರಿಸಿ ಕೇಳಿದಾಗ ಮಾತಾಡುವುದಿಲ್ಲ. ಹದಿನೈದರ ಹುಡುಗಿಯಂತೂ ಮುಖ ನೋಡಿ ಕೇಳಿದರೆ "ಏನಿಲ್ಲ" ಅಂತ ಎದ್ದು ಹೋಗುತ್ತಾಳೆ. ಅದೇ ಅವರೆ ಸುಲಿಯುತ್ತಾ ಕೂತವಳು ಮುಕ್ಕಾಲು ಗಂಟೆಯಲ್ಲಿ ತಾನಾಗಿ ನಾಲ್ಕು ಸಂಗತಿ ಹೇಳಿದಳು. ಹೊತ್ತು ಇನ್ನೂ ಬೇಕೆನಿಸಿದರೆ ಕಾಳನ್ನು ನೆನೆಹಾಕಿ, ಮರುದಿನ ಸಂಜೆ ಹಿತಕಿದ ಬೇಳೆಗೆ ಕೂರಿಸಿಕೊಳ್ಳಿ.

ಹೋಗಿ ಬಂದವರ ಕಥೆ ಬಣ್ಣಬಣ್ಣದ್ದಾಗಿರುತ್ತದೆ: ಭಾವಿ, ತೋಟ, ಮಾವನ ಟ್ರ್ಯಾಕ್ಟರ್, ಎಳನೀರು. ಅದು ಮೊದಲು ಶುರುವಾದರೆ ಉಳಿದವರ ಕಥೆಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಮನೆಯಲ್ಲೇ ಉಳಿದವರಿಂದ ಆರಂಭಿಸಿ. "ಹೆಂಗಿದ್ರಿ?" ಅಂತ ಕೇಳಬೇಡಿ. ಅದಕ್ಕೆ "ಚೆನ್ನಾಗಿದ್ವಿ" ಅನ್ನುವುದೊಂದೇ ಉತ್ತರ. ಸಣ್ಣಸಣ್ಣದ್ದು ಕೇಳಿ. ಬೆಳಿಗ್ಗೆ ತಿಂಡಿ ಯಾರು ಮಾಡ್ತಿದ್ರಿ? ಕರೆಂಟ್ ಹೋದ ರಾತ್ರಿ ಏನು ಮಾಡಿದ್ರಿ? ಮನೆಗೆ ಯಾರು ಯಾರು ಬಂದಿದ್ರು? ಯಾವತ್ತು ನಿದ್ದೆ ಬರಲಿಲ್ಲ? ಸ್ಕೂಲಲ್ಲಿ ಯಾರ ಪಕ್ಕ ಕೂತ್ಕೋತಿದ್ದೀಯ ಈಗ? ಈ ಕೊನೆಯ ಪ್ರಶ್ನೆಯನ್ನು ನಾನು ಹೋದ ವರ್ಷ ಕೇಳಿದ್ದರೆ ಕಣ್ಣಿನ ವಿಷಯ ಅವತ್ತೇ ಹೊರಬರುತ್ತಿತ್ತು.

ಕೇಳಿದ್ದಕ್ಕೆ ಆ ರಾತ್ರಿ ಬುದ್ಧಿವಾದ ಬೇಡ, ಪರಿಹಾರವೂ ಬೇಡ. ಮಗಳು ಗಣಿತದ ಟೆಸ್ಟಿನಲ್ಲಿ ಹದಿನೆಂಟು ಬಂತು ಅಂದರೆ "ಹೌದಾ, ಯಾವ ಲೆಕ್ಕ ತಪ್ಪಿತು?" ಅನ್ನುವಲ್ಲಿಗೆ ನಿಲ್ಲಿಸಿ. ಗದರಿದರೆ ಮುಂದಿನ ಮಾತು ಬಾಯಿಂದ ಹೊರಡುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾರಿಗೆ ಏನಾಗಿದೆ, ಯಾವುದಕ್ಕೆ ನಾನೇನು ಮಾಡಬೇಕು. ಸಂಕ್ರಾಂತಿವರೆಗಿನ ಕೆಲಸಕ್ಕೆ ಈ ಪುಸ್ತಕವೇ ಆಧಾರ. ನಮ್ಮನೆಯಲ್ಲಿ ಅದು ಅಡುಗೆಮನೆಯ ಕಾಫಿಪುಡಿ ಡಬ್ಬಿಯ ಪಕ್ಕ ಇರುತ್ತದೆ.

ನಿದ್ದೆಯನ್ನು ದಾರಿಗೆ ತರುವುದು

ಊರಲ್ಲಿ ಮಗ ಸೋದರಮಾವನ ಮಕ್ಕಳ ಜೊತೆ ರಾತ್ರಿ ಹನ್ನೊಂದೂವರೆವರೆಗೆ ಎದ್ದಿರುತ್ತಿದ್ದ, ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತಿದ್ದ. ಶಾಲೆಯ ಬಸ್ಸು ಬರುವುದು ಏಳೂ ಮುಕ್ಕಾಲಿಗೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಜನವರಿ ಮೊದಲ ವಾರದ ಸಿಟ್ಟು, ಅಳು, ತಿಂಡಿ ಬೇಡವೆನ್ನುವುದು ಇವೆಲ್ಲ ಬಹುಪಾಲು ನಿದ್ದೆಗೆಟ್ಟದ್ದರ ಫಲ. ಮಗುವಿಗೆ ಹಟ ಬಂದಿದೆ ಅಂತ ಹೊಡೆಯಲು ಕೈ ಎತ್ತುವ ಮೊದಲು ಎಷ್ಟು ಗಂಟೆ ಮಲಗಿದೆ ಅಂತ ಲೆಕ್ಕ ಹಾಕಿ.

ಮಲಗುವ ಹೊತ್ತನ್ನು ಒಂದೇ ದಿನಕ್ಕೆ ಎರಡು ಗಂಟೆ ಹಿಂದೆ ತರಲು ಆಗುವುದಿಲ್ಲ. ಕತ್ತಲಲ್ಲಿ ಹೊರಳಾಡುತ್ತಾರೆ ಅಷ್ಟೇ. ಏಳುವ ಹೊತ್ತನ್ನು ಮೊದಲ ದಿನದಿಂದಲೇ ಗಟ್ಟಿ ಮಾಡಿ. ಆರೂಕಾಲು ಅಂದರೆ ಆರೂಕಾಲು, ಭಾನುವಾರವೂ ಏಳಕ್ಕಿಂತ ತಡ ಬೇಡ. ಮಲಗುವುದನ್ನು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹಿಂದಕ್ಕೆ ತನ್ನಿ. ಒಂದು ವಾರದಲ್ಲಿ ಸರಿಹೋಗುತ್ತದೆ. ಎದ್ದ ಕೂಡಲೇ ಚಳಿ ಅಂತ ಹೊದ್ದು ಕೂರಿಸದೆ ತಾರಸಿಗೆ ಕಳಿಸಿ. ಎಳೆಬಿಸಿಲು ಕಣ್ಣಿಗೆ ಬಿದ್ದರೆ ರಾತ್ರಿ ಬೇಗ ನಿದ್ದೆ ಹತ್ತುತ್ತದೆ. ಮೊಬೈಲುಗಳ ಚಾರ್ಜರ್ ಹಾಲಿನಲ್ಲೇ ಇರಲಿ, ದೊಡ್ಡವರದ್ದೂ ಸೇರಿ. ನಾವು ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಅವರಿಗೆ ಬೇಡ ಅಂದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಅಡುಗೆಮನೆ: ಮೊದಲ ವಾರಕ್ಕೆ ಸರಳ ಊಟ

ರಜೆಯಲ್ಲಿ ಹೋಳಿಗೆ, ಕೇಕು, ಬಜ್ಜಿ ತಿಂದು ಎಲ್ಲರ ಹೊಟ್ಟೆಯೂ ಭಾರವಾಗಿರುತ್ತದೆ. ಅಡುಗೆಯ ಭಾರವೂ ಕಡಿಮೆಯಾಗಬೇಕು, ಯಾಕೆಂದರೆ ಈ ವಾರ ನಿಮ್ಮ ಹೊತ್ತು ಬೇರೆ ಕಡೆ ಬೇಕು. ಬೆಳಿಗ್ಗೆಗೆ ಮಂಡಕ್ಕಿ ಒಗ್ಗರಣೆಗಿಂತ ಸುಲಭದ್ದಿಲ್ಲ, ಅದಕ್ಕೆ ಬೇಕಾದ ಮಂಡಕ್ಕಿ ನಮ್ಮೂರ ಭಟ್ಟಿಗಳದ್ದೇ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಮಾಡಿ, ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿದರೆ ಹತ್ತು ನಿಮಿಷದಲ್ಲಿ ತಿಂಡಿ.

ಮಧ್ಯಾಹ್ನ ರಾತ್ರಿಗೆ ರೊಟ್ಟಿ. ಹೋಗುವ ಮೊದಲು ಬೀಸಿಸಿಟ್ಟ ಜೋಳದ ಹಿಟ್ಟು ಈಗ ಜಿಗಿ ಕಳೆದುಕೊಂಡಿರುತ್ತದೆ. ತಟ್ಟಿದರೆ ಅಂಚು ಬಿರಿಯುತ್ತದೆ. ಅದನ್ನು ತಾಲಿಪಟ್ಟಿಗೆ ಬಳಸಿ, ಹೊಸದಾಗಿ ಎರಡೇ ಕೆಜಿ ಗಿರಣಿಗೆ ಹಾಕಿಸಿ. ತಟ್ಟಲು ಹೊತ್ತಿಲ್ಲದವರು ಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರ ಹತ್ತಿರ ವಾರಕ್ಕಾಗುವಷ್ಟು ಕಟಕ ರೊಟ್ಟಿ ಕೊಳ್ಳಬಹುದು. ಅದರಲ್ಲಿ ಸಂಕೋಚವೇನೂ ಬೇಡ, ಅವರಿಗೂ ಅದು ಒಂದು ಸಂಸಾರದ ಗಳಿಕೆ. ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಒಂದೊಂದು ಬಾಟಲಿ ಇದ್ದರೆ ಪಲ್ಯವಿಲ್ಲದ ರಾತ್ರಿಯೂ ಸಾಗುತ್ತದೆ.

ಬಟ್ಟೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಮೊದಲು ಯೂನಿಫಾರಂ, ಆಮೇಲೆ ಒಳಉಡುಪು ಮತ್ತು ಟವೆಲ್ಲು, ಉಳಿದದ್ದು ದಿನಕ್ಕೊಂದು ಸಲದ ಮಷಿನ್. ದಾವಣಗೆರೆಯ ಜನವರಿ ಬಿಸಿಲಿಗೆ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಒಣಗಿರುತ್ತದೆ.

ಹತ್ತು ದಿನ ಮನೆ ನಡೆಸಿದವರಿಂದ ಕೆಲಸ ಕಿತ್ತುಕೊಳ್ಳಬೇಡಿ

ನಾನಿಲ್ಲದ ದಿನಗಳಲ್ಲಿ ನಮ್ಮ ಮನೆಯವರು ಮಗಳ ಡಬ್ಬಿ ಕಟ್ಟಿದ್ದರು, ಹಾಲಿನ ಲೆಕ್ಕ ಇಟ್ಟಿದ್ದರು, ಅಮ್ಮನಿಗೆ ಮಾತ್ರೆ ಕೊಟ್ಟಿದ್ದರು. ಹಿಂದಿನ ವರ್ಷಗಳಲ್ಲಿ ನಾನು ಬಂದ ಕೂಡಲೇ "ಸರಿ ಬಿಡಿ, ನಾ ನೋಡ್ಕೋತೀನಿ" ಅಂತ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತಿದ್ದೆ. ಜೊತೆಗೆ ಸಾರಿನ ಸೌಟು ಇಲ್ಯಾಕಿದೆ, ಉಪ್ಪಿನ ಡಬ್ಬಿ ಅಲ್ಯಾಕಿದೆ ಅನ್ನುವ ಮಾತು. ಅದು ತಪ್ಪು. ಕಲಿತ ಕೈಯನ್ನು ಸುಮ್ಮನೆ ಕೂರಿಸಿದ ಹಾಗೆ.

ಈ ಸಲ ಎರಡನೇ ರಾತ್ರಿ ಇಬ್ಬರೇ ಕೂತು ಮಾತಾಡಿದೆವು. ಯಾವ ಕೆಲಸ ಅವರ ಕೈಯಲ್ಲೇ ಉಳಿಯಲಿ, ಯಾವುದು ನನಗೆ ಬರಲಿ ಅಂತ ಒಂದೊಂದಾಗಿ ಹೇಳಿಕೊಂಡೆವು. ಡಬ್ಬಿ ಅವರದ್ದೇ ಆಯಿತು. ಅವರು ಕಟ್ಟುವ ಚಿತ್ರಾನ್ನಕ್ಕೆ ಖಾರ ಹೆಚ್ಚು, ಆದರೆ ಮಗಳು ಖಾಲಿ ಮಾಡಿಕೊಂಡು ಬರುತ್ತಾಳೆ. ಬೆಳಿಗ್ಗೆ ನನಗೆ ಇಪ್ಪತ್ತು ನಿಮಿಷ ಮಿಕ್ಕಿತು, ಆ ಹೊತ್ತಲ್ಲಿ ಮಗನ ತಲೆ ಬಾಚುತ್ತಾ ಅವನ ಮಾತು ಕೇಳುತ್ತೇನೆ. ಈ ಮಾತುಕತೆ ಮಕ್ಕಳ ಮುಂದೆ ಬೇಡ, ದೂರಿನ ಧಾಟಿಯಲ್ಲೂ ಬೇಡ. "ಇದು ನಿಮಗೆ ಕಷ್ಟ ಆಯ್ತಾ?" ಅಂತ ಕೇಳಿ ಶುರುಮಾಡಿ.

ಹಿರಿಯರು: ಇಲ್ಲಿರುವವರು, ಅಲ್ಲಿ ಬಿಟ್ಟು ಬಂದವರು

ಅತ್ತೆ ಮಾವಂದಿರ ಮಾತ್ರೆ ಸರಿಯಾಗಿ ಹೋಗಿದೆಯೇ ಎಂದು ಅವರನ್ನು ಕೇಳಿದರೆ "ತಗೊಂಡೀನವ್ವ" ಅಂತಾರೆ. ಕೇಳುವ ಬದಲು ಎಣಿಸಿ. ಹೋಗುವ ದಿನ ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಟ್ಟಿದ್ದರೆ ಎಷ್ಟು ತಪ್ಪಿದೆ ಅಂತ ಒಂದು ನೋಟಕ್ಕೆ ತಿಳಿಯುತ್ತದೆ. ಬಿ.ಪಿ., ಸಕ್ಕರೆ ಮಾತ್ರೆ ನಾಲ್ಕೈದು ದಿನ ತಪ್ಪಿದ್ದರೆ ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿಸಬೇಡಿ, ವೈದ್ಯರಿಗೆ ಹೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಮೊದಲ ವಾರದಲ್ಲೇ ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಿ. ಅದಕ್ಕೆ ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಎಚ್‌ಬಿಎ1ಸಿ ಅನ್ನುವ ಇನ್ನೊಂದು ರಕ್ತಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ರಜೆಯಲ್ಲಿ ಏನಾಯಿತು ಅನ್ನುವುದೊಂದನ್ನೇ ಅದು ಬಿಡಿಸಿ ಹೇಳುವುದಿಲ್ಲ.

ಅತ್ತೆಗೆ ಹತ್ತು ದಿನ ಮೊಮ್ಮಗಳ ಊಟ, ನಿದ್ದೆ, ಓದು ಎಲ್ಲದರ ಕಾವಲು. ಅವರಿಗೆ ಸುಸ್ತಾಗಿರುತ್ತದೆ, ಹೇಳಿಕೊಳ್ಳುವುದಿಲ್ಲ. ಮೊದಲ ಮಂಗಳವಾರ ಅವರನ್ನು ದುಗ್ಗಮ್ಮನ ಗುಡಿಗೆ ಕರೆದುಕೊಂಡು ಹೋದೆ. ಆಟೋದಲ್ಲಿ ಹೋಗಿ ಬರುವ ಹೊತ್ತಿನಲ್ಲಿ, ನಾನಿಲ್ಲದಾಗ ಪಕ್ಕದ ಬೀದಿಯ ಗೆಳತಿಯೊಬ್ಬರು ತೀರಿಹೋದದ್ದನ್ನು ಹೇಳಿದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಹುಡುಗಿ ಪರೀಕ್ಷೆಗೆ ಓದ್ತಿದ್ಲು, ಏನಂತ ಹೇಳ್ಲಿ" ಅಂದರು.

ಇನ್ನು ನೀವು ಬಿಟ್ಟು ಬಂದ ಮನೆ. ಹತ್ತು ದಿನ ಮೊಮ್ಮಕ್ಕಳ ಗಲಾಟೆ ಇದ್ದ ಮನೆ ಒಮ್ಮೆಲೇ ಭಣಗುಟ್ಟುತ್ತದೆ. ಮುಟ್ಟಿದೆವು ಅಂತ ತಿಳಿಸುವ ಫೋನು ಸಾಲದು. ಮೂರನೆಯ ದಿನ ಇನ್ನೊಮ್ಮೆ ಮಾಡಿ, ಮಗುವಿನ ಕೈಗೆ ಕೊಡಿ. ಬೆಂಗಳೂರಿನಿಂದ ಬಂದು ಹೋದ ಮಕ್ಕಳ ಅಪ್ಪ ಅಮ್ಮ ಈ ಊರಿನ ಬೀದಿಬೀದಿಯಲ್ಲಿದ್ದಾರೆ. ಅಂಥ ನೆರೆಯವರು ಇದ್ದರೆ ಒಂದು ಸಂಜೆ ಹಿತಕಿದ ಬೇಳೆ ಸಾರು ತೆಗೆದುಕೊಂಡು ಹೋಗಿ ಕೂತು ಬನ್ನಿ.

ಶಾಲೆ, ಪರೀಕ್ಷೆ, ಒಂದೇ ಗೋಡೆಯ ಕ್ಯಾಲೆಂಡರ್

ಹಾಲಿನ ಲೆಕ್ಕ ಬರೆಯುವ, ದೊಡ್ಡ ಚೌಕಗಳ ಕ್ಯಾಲೆಂಡರ್ ಒಂದನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ತೂಗುಹಾಕಿ. ಮೊಬೈಲಿನಲ್ಲಿರುವ ತಾರೀಖು ಒಬ್ಬರಿಗೆ ಮಾತ್ರ ಕಾಣುತ್ತದೆ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳು ಜನವರಿ, ಫೆಬ್ರವರಿಯಲ್ಲಿ ಬರುತ್ತವೆ, ಮುಖ್ಯ ಪರೀಕ್ಷೆ ಮಾರ್ಚ್ ಹೊತ್ತಿಗೆ. ಅವಳ ಪರೀಕ್ಷೆಯ ದಿನಗಳನ್ನು ಮೊದಲು ಕೆಂಪು ಶಾಯಿಯಲ್ಲಿ ತುಂಬಿ, ಆಮೇಲೆ ಉಳಿದ ಚೌಕಗಳಲ್ಲಿ ಮದುವೆ, ಗೃಹಪ್ರವೇಶ, ನೆಂಟರು. ಈ ಕ್ರಮ ತಿರುಗುಮುರುಗಾದರೆ ಓದುವ ಮಗು ಪ್ರತಿ ಸಲ ಬಗ್ಗಬೇಕಾಗುತ್ತದೆ. ಮಾಘ ಹುಣ್ಣಿಮೆಗೆ ಮುಗಿಯುವ ಒಂಬತ್ತು ದಿನದ ತರಳಬಾಳು ಹುಣ್ಣಿಮೆ ಮಹೋತ್ಸವ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. ಹತ್ತಿರದ ಊರಿನಲ್ಲಿದ್ದ ವರ್ಷ ಮನೆಗೆ ನೆಂಟರು ಬಂದಿಳಿಯುತ್ತಾರೆ. ಅದನ್ನೂ ಗುರುತು ಹಾಕಿ.

ಮಗನ ರಜೆಯ ಹೋಂವರ್ಕ್ ಅರ್ಧ ಉಳಿದಿತ್ತು. ರಾತ್ರಿ ಕೂರಿಸಿ ನಾನೇ ಬರೆದುಕೊಡುವ ಆಸೆ ಬಂತು. ಬರೆಯಲಿಲ್ಲ. ಯಾವುದು ಮುಗಿದಿಲ್ಲ ಅಂತ ಅವನೇ ಒಂದು ಚೀಟಿಯಲ್ಲಿ ಬರೆದು ಟೀಚರಿಗೆ ಕೊಟ್ಟ, ನಾಲ್ಕು ದಿನ ಸಿಕ್ಕಿತು. ಹೋದ ವರ್ಷದ ಪಾಠ ನೆನಪಿಟ್ಟು ಇನ್ನೊಂದು ಕೆಲಸ ಮಾಡುತ್ತೇನೆ: ಮಕ್ಕಳಿಬ್ಬರ ನೋಟ್‌ಬುಕ್ಕುಗಳನ್ನು ಅಂಕ ನೋಡಲು ಅಲ್ಲ, ಕೈಬರಹ ನೋಡಲು ತಿರುವುತ್ತೇನೆ. ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟಿದ್ದರೆ, ಸಾಲು ಬಿಟ್ಟುಹೋಗಿದ್ದರೆ, ಪುಟ ಅರ್ಧಕ್ಕೆ ನಿಂತಿದ್ದರೆ ಅದಕ್ಕೊಂದು ಕಾರಣವಿರುತ್ತದೆ.

ನೆಂಟಸ್ತಿಕೆಯ ಬಾಕಿ ಮತ್ತು ಮುಯ್ಯಿ ಪುಸ್ತಕ

ಧನುರ್ಮಾಸದಲ್ಲಿ ಮದುವೆ ಮಾಡುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ತಡೆದಿಟ್ಟ ಶುಭಕಾರ್ಯಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಹಾಗಾಗಿ ನೀವು ರಜೆಯಿಂದ ಬರುವ ಹೊತ್ತಿಗೆ ಬಾಗಿಲ ಸಂದಿಯಲ್ಲಿ ಎರಡು ಮೂರು ಲಗ್ನಪತ್ರಿಕೆ ಇದ್ದೇ ಇರುತ್ತವೆ, ವಾಟ್ಸಾಪಿನಲ್ಲಿ ಇನ್ನಷ್ಟು. ಎಲ್ಲಕ್ಕೂ ಹೋಗಲು ಯಾರಿಗೂ ಆಗುವುದಿಲ್ಲ, ಆದರೆ ಯಾವುದಕ್ಕೆ ಹೋಗದಿದ್ದರೆ ಮನಸ್ಸು ಮುರಿಯುತ್ತದೆ ಅನ್ನುವುದು ಗೊತ್ತಿರಬೇಕು.

ನಮ್ಮತ್ತೆಯ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ನಮ್ಮ ಮದುವೆಗೆ, ಮಕ್ಕಳ ತೊಟ್ಟಿಲಿಗೆ, ಮನೆಯ ಗೃಹಪ್ರವೇಶಕ್ಕೆ ಯಾರು ಏನು ಮುಯ್ಯಿ ಮಾಡಿದರು ಅಂತ ಅದರಲ್ಲಿದೆ: ಇಂಥವರು 101 ರೂಪಾಯಿ, ಇಂಥವರು ಕುಬಸದ ಬಟ್ಟೆ, ಇಂಥವರು ಒಂದು ಕೊಡ. ಪತ್ರಿಕೆ ಬಂದಾಗ ಆ ಪುಸ್ತಕ ತೆಗೆಯುತ್ತೇವೆ. ಮಾಡಿದವರಿಗೆ ತಿರುಗಿ ಮಾಡುವುದು ಹಣದ ಲೆಕ್ಕ ಮಾತ್ರ ಅಲ್ಲ. ನಮಗೆ ಕೈ ಖಾಲಿಯಿದ್ದ ಕಾಲದಲ್ಲಿ ಯಾರು ಬಂದು ನಿಂತಿದ್ದರು ಅನ್ನುವುದು ಅದರಲ್ಲಿ ಬರೆದಿದೆ. ಅಂಥವರ ಮನೆಯ ಮದುವೆಗೆ ಇಬ್ಬರೂ ಹೋಗುತ್ತೇವೆ, ಹಿಂದಿನ ರಾತ್ರಿಯೇ ಹೋಗಿ ಕೈ ಜೋಡಿಸುತ್ತೇವೆ. ಉಳಿದ ಕಡೆ ಒಬ್ಬರು ಹೋಗಿ ಅಕ್ಷತೆ ಹಾಕಿ ಬಂದರೆ ಆಗುತ್ತದೆ. ಹೋಗಲಾಗದ್ದಕ್ಕೆ ಮುಂಚೆಯೇ ಫೋನು ಮಾಡಿ ಹೇಳಿಬಿಡಿ. ನಿಮ್ಮ ಮನೆಯಲ್ಲಿ ಇಂಥ ಪುಸ್ತಕ ಇಲ್ಲದಿದ್ದರೆ, ಹಿರಿಯರು ಇರುವಾಗಲೇ ಒಂದು ಸಂಜೆ ಕೂತು ನೆನಪಿದ್ದಷ್ಟನ್ನು ಬರೆದುಕೊಳ್ಳಿ. ಈ ಕೆಲಸಕ್ಕೆ ಮಕ್ಕಳನ್ನೂ ಕೂರಿಸಿಕೊಳ್ಳಿ, ಯಾರು ಯಾವ ಕಡೆಯಿಂದ ಏನಾಗಬೇಕು ಅನ್ನುವುದು ಅವರಿಗೆ ತಿಳಿಯುವುದು ಹೀಗೆಯೇ.

ಸಾವಿನ ಮನೆಗಳಿಗೆ ಮಾತಾಡಿಸಿಕೊಂಡು ಬರುವುದನ್ನು ಮದುವೆಗಳಿಗಿಂತ ಮೊದಲು ಮುಗಿಸಿ. ರಜೆಯಲ್ಲಿ ಊರಲ್ಲಿರಲಿಲ್ಲ ಅನ್ನುವುದು ಅವರಿಗೂ ಅರ್ಥವಾಗುತ್ತದೆ, ಬಂದ ಮೇಲೂ ತಿಂಗಳು ಬಿಟ್ಟು ಹೋದರೆ ಅರ್ಥವಾಗುವುದಿಲ್ಲ. ಹೆಚ್ಚು ಮಾತು ಬೇಕಿಲ್ಲ. ಕೂತು, ಹೇಗಾಯಿತು ಅಂತ ಅವರು ಹೇಳುವುದನ್ನು ಪೂರ್ತಿ ಕೇಳಿ. ಹೊರಡುವಾಗ "ಹೋಗಿ ಬರ್ತೀವಿ" ಅನ್ನುವುದಿಲ್ಲ ನಮ್ಮ ಕಡೆ; ಸುಮ್ಮನೆ ಎದ್ದು ಬರುತ್ತೇವೆ. ಅತ್ತೆಯ ಆ ಗೆಳತಿಯ ಮನೆಗೆ ನಾನೂ ಅವರೂ ಗುರುವಾರ ಹೋಗಿ ಬಂದೆವು.

ದುಡ್ಡಿನ ಲೆಕ್ಕಕ್ಕೆ ಒಂದು ಸಂಜೆ

ಒಂದೇ ಸಂಜೆ, ಒಂದೇ ಗಂಟೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಡಿಸೆಂಬರ್ 20ರಿಂದ ಈಚಿನ ಪಾವತಿಗಳನ್ನು ಇಬ್ಬರೂ ತೆರೆದು, ಊಟ, ಓಡಾಟ, ಕೊಟ್ಟದ್ದು ಅಂತ ಮೂರು ಮೊತ್ತ ಹಾಕಿ. ಖರ್ಚು ಯಾರದ್ದು ಹೆಚ್ಚು ಅಂತ ಕೆದಕಬೇಡಿ, ಆದದ್ದು ಆಗಿದೆ. ಬೇಕಾದದ್ದು ಮುಂದಿನ ಮೂರು ತಿಂಗಳ ಚಿತ್ರ: ಕ್ರೆಡಿಟ್ ಕಾರ್ಡ್ ಕಟ್ಟುವ ಕೊನೆಯ ದಿನ, ವಿಮೆಯ ಕಂತು, ಮುಂದಿನ ವರ್ಷದ ಶಾಲಾ ಶುಲ್ಕ, ಮದುವೆಗಳ ಮುಯ್ಯಿ. ಸಂಬಳದವರಿಗೆ ತೆರಿಗೆ ಉಳಿತಾಯದ ದಾಖಲೆಗಳನ್ನು ಕಚೇರಿಯವರು ಹೆಚ್ಚಾಗಿ ಕೇಳುವುದೂ ಜನವರಿ, ಫೆಬ್ರವರಿಯಲ್ಲೇ. ರಸೀದಿಗಳನ್ನು ಒಂದು ಕವರಿಗೆ ಹಾಕಿಡಿ.

ಫೋಟೋಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುಟುಂಬದ ಗ್ರೂಪಿನಲ್ಲಿ ಬಂದ ಮುನ್ನೂರರಲ್ಲಿ ಇಪ್ಪತ್ತನ್ನು ಮಕ್ಕಳಿಂದಲೇ ಆರಿಸಿ, ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ತಾರೀಖು ಬರೆಸಿ. ಒಂದು ಸೆಟ್ ತವರಿಗೆ ಕಳಿಸಿ.

ಸಂಕ್ರಾಂತಿ: ಹೊಳೆದಂಡೆಯ ಬುತ್ತಿ

ಜನವರಿ 14 ಅಥವಾ 15ಕ್ಕೆ ಸಂಕ್ರಾಂತಿ. ಅಷ್ಟು ಹೊತ್ತಿಗೆ ಹೋದವರ ಹತ್ತು ದಿನ, ಉಳಿದವರ ಹತ್ತು ದಿನ ಎರಡೂ ಎಲ್ಲರಿಗೂ ಗೊತ್ತಾಗಿರುತ್ತದೆ. ಈಗ ಎಲ್ಲರೂ ಒಟ್ಟಿಗೆ ಒಂದು ದಿನ ಕಳೆಯಬೇಕು. ನಮಗೆ ಅದಕ್ಕೆ ಹರಿಹರದ ಹೊಳೆ, ಇಲ್ಲಿಂದ 14 ಕಿಲೋಮೀಟರ್. ಹಿಂದಿನ ರಾತ್ರಿಯೇ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕುಂಬಳಕಾಯಿ ಪಲ್ಯ, ಶೇಂಗಾ ಹೋಳಿಗೆ ಮಾಡಿಟ್ಟು, ಬೆಳಿಗ್ಗೆ ಮೊಸರನ್ನ ಕಲಸಿ ಬುತ್ತಿ ಕಟ್ಟುತ್ತೇವೆ. ಕೆಲಸ ಹಂಚಿ. ರೊಟ್ಟಿ ನನ್ನದು, ಶೇಂಗಾ ಹುರಿದು ಸಿಪ್ಪೆ ತೆಗೆಯುವುದು ಮಗನದ್ದು, ಡಬ್ಬಿ ತುಂಬುವುದು ಈಗ ಯಾರದ್ದು ಅಂತ ನಿಮಗೆ ಗೊತ್ತು. ಪರೀಕ್ಷೆಯ ಮಗಳಿಗೆ ಅರ್ಧ ದಿನ ಬಿಡುವು ಸಾಕು ಅಂತಿದ್ದರೆ ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಒಂದಕ್ಕೆ ಮನೆ ಸೇರಿ. ತಡವಾದಷ್ಟೂ ದಂಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ತುಂಗಭದ್ರೆಯಲ್ಲಿ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ, ನೀರು ಸೌಮ್ಯವಾಗಿ ಕಂಡರೂ ಗುಂಡಿಗಳಿವೆ. ಮಕ್ಕಳು ಮೊಣಕಾಲಿಗಿಂತ ಆಳಕ್ಕೆ ಇಳಿಯದ ಹಾಗೆ ಒಬ್ಬರು ದಡದಲ್ಲೇ ನಿಂತಿರಬೇಕು. ಸ್ನಾನವಾದ ಮೇಲೆ ಹರಿಹರೇಶ್ವರನ ಗುಡಿ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರನಾದ ಆ ಮೂರ್ತಿಯ ಮುಂದೆ ಅತ್ತೆ ಪ್ರತಿ ವರ್ಷ ಮಕ್ಕಳಿಗೆ ಅದೇ ಕಥೆ ಹೇಳುತ್ತಾರೆ, ಪ್ರತಿ ವರ್ಷ ಮಗ ಹೊಸದೊಂದು ಪ್ರಶ್ನೆ ಕೇಳುತ್ತಾನೆ. ಊಟಕ್ಕೆ ಬಾಳೆ ಎಲೆ ಅಥವಾ ಮುತ್ತುಗದ ಎಲೆ ಒಯ್ಯಿರಿ, ಪ್ಲಾಸ್ಟಿಕ್ ಒಂದನ್ನೂ ಹೊಳೆಗೆ ಬಿಡಬೇಡಿ.

ಊಟವಾದ ಮೇಲೆ ಆ ನೋಟ್‌ಬುಕ್ ತೆಗೆಯುತ್ತೇವೆ. ಮುಗಿದದ್ದರ ಮೇಲೆ ಮಗ ಗೆರೆ ಎಳೆಯುತ್ತಾನೆ. ಈ ಸಲ ಹದಿನೇಳರಲ್ಲಿ ಹನ್ನೊಂದು ಮುಗಿದಿತ್ತು. ಸಂಜೆ ಬೀದಿಯ ಮನೆಗಳಿಗೆ ಎಳ್ಳುಬೆಲ್ಲ ಬೀರುವಾಗ, ವರ್ಷವಿಡೀ ಮಾತು ಬಿಟ್ಟಿದ್ದವರ ಮನೆ ಬಾಗಿಲನ್ನು ದಾಟಿ ಹೋಗಬೇಡಿ. ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡಲು ಈ ಹಬ್ಬಕ್ಕಿಂತ ಸುಲಭದ ನೆಪ ಇನ್ನೊಂದಿಲ್ಲ.

ಉಳಿದ ಆರು ಕೆಲಸಗಳನ್ನು ಜನವರಿ 26ಕ್ಕೆ ಬರೆದುಕೊಂಡೆವು. ಅವತ್ತು ಮಕ್ಕಳು ಧ್ವಜಾರೋಹಣ ಮುಗಿಸಿ ಬರುವ ಹೊತ್ತಿಗೆ ಎಲ್ಲರಿಗೂ ರಜೆ. ಮೊದಲು ಬೆಣ್ಣೆದೋಸೆ, ಆಮೇಲೆ ಕನ್ನಡಕದ ಅಂಗಡಿ. ಮಗಳ ಕಣ್ಣು ತೋರಿಸಿ ವರ್ಷವಾಯಿತು, ನಂಬರ್ ಮತ್ತೆ ನೋಡಿಸಬೇಕು.